ಕನ್ನಡಿಯಲ್ಲಿ ಕಂಡವಳು ರಾಣಿಯಲ್ಲ

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಬಿ.ಇಡ್. ಮುಗಿಸಿ ಹೈಸ್ಕೂಲೊಂದಕ್ಕೆ ವಿಜ್ಞಾನ ಶಿಕ್ಷಕನಾಗಿ ಸೇರಿದ ಹೊಸತು. ಪ್ರಯೋಗಶಾಲೆ ಎಂದು ಬಾಗಿಲ ಮೇಲೆ ಬರೆದಿದ್ದ ಕೋಣೆಯ ಗೋಡೆಯಲ್ಲಿ ಮಳೆಗಾಲದ ತೇವ ನಕಾಶೆಯಂತೆ ಮೂಡಿತ್ತು. ಅದನ್ನು ಮುಚ್ಚಲೆಂದೇ ನಾನೊಂದು ಕ್ಯಾಲೆಂಡರ್ ಹಾಳೆ ತಂದು ಅಂಟಿಸಿದೆ. ಹುಬ್ಬಳ್ಳಿಯ ಪಂಪ್‌ಸೆಟ್ ಅಂಗಡಿಯೊಂದರಿಂದ ಬಂದಿದ್ದ ಜಪಾನೀ ಕ್ಯಾಲೆಂಡರ್ ಅದು. ಚಿತ್ರದಲ್ಲಿ ಒಬ್ಬ ಹೆಂಗಸು ನಮಗೆ ಬೆನ್ನು ತೋರಿಸಿ ಕುಳಿತಿದ್ದಾಳೆ. ಎತ್ತಿ ಕಟ್ಟಿದ ತುರುಬು, ಬೆಳ್ಳಗಿನ ಕತ್ತು. ಎದುರಿಗೊಂದು ದೊಡ್ಡ ದುಂಡು ಕನ್ನಡಿ. ಆ ಕನ್ನಡಿಯಲ್ಲಿ ಅವಳ ಮುಖ.

ಬೆಳಕಿನ ಪರಾವರ್ತನೆ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಚಾರ್ಟ್ ಎಲ್ಲಿ ಸಿಕ್ಕೀತು? ಕೋಲು ಹಿಡಿದು ಪತನ ಕೋನ, ಪರಾವರ್ತನ ಕೋನ ವಿವರಿಸುತ್ತಿದ್ದೆ. ಒಂದು ದಿನ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. “ಸರ್, ಆಕಿ ಕನ್ನಡ್ಯಾಗ ತನ್ನನ್ನ ನೋಡ್ಕೊಳ್ಳಾಕತ್ತಾಳೋ, ನಮ್ಮನ್ನ ನೋಡಾಕತ್ತಾಳೋ?”

ಪ್ರಶ್ನೆ ಅಪ್ಪಟ ಬಂಗಾರ. ಕನ್ನಡಿಯಲ್ಲಿ ಅವಳ ಕಣ್ಣು ನಮಗೆ ಕಾಣುತ್ತದೆ ಎಂದರೆ ಅಲ್ಲಿಂದ ಹೊರಟ ಕಿರಣ ನಮ್ಮ ಕಣ್ಣಿಗೆ ಬಂದಿದೆ. ಅದೇ ದಾರಿಯಲ್ಲಿ ನಮ್ಮ ಮುಖದ ಕಿರಣವೂ ಅವಳ ಕಣ್ಣಿಗೆ ಹೋಗಲೇಬೇಕು. ಹಾಗಾಗಿ ಆ ಕೋನದಲ್ಲಿ ಅವಳಿಗೆ ಕಾಣುವುದು ಅವಳ ಮುಖವಲ್ಲ, ನಾವು. ಅಂದು ಇಡೀ ಪೀರಿಯಡ್ ಅದರಲ್ಲೇ ಕಳೆಯಿತು. ಗಂಟೆ ಹೊಡೆದ ಮೇಲೆ ಅದೇ ಹುಡುಗಿ, “ಹಂಗಾದ್ರ ಸರ್, ಈಕಿ ಯಾರ್ರೀ?” ಎಂದಳು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಹೊಸ ಮೇಷ್ಟ್ರಿಗೆ ಬಾಯಿ ಬರಲಿಲ್ಲ. “ಜಪಾನಿನ ಯಾವುದೋ ರಾಣಿ ಇರಬೇಕು, ನೀ ಲೆಕ್ಕ ಬಿಡಿಸು ಹೋಗು” ಎಂದುಬಿಟ್ಟೆ.

ಆ ಉತ್ತರ ತಪ್ಪು ಎಂದು ತಿಳಿಯಲು ೨೦೨೫ರ ಮೇ ತಿಂಗಳವರೆಗೆ ಕಾಯಬೇಕಾಯಿತು.

ಮಗಳು ಟೋಕಿಯೋದಲ್ಲಿ ಕೆಲಸದಲ್ಲಿದ್ದಾಳೆ. ಬೇಸಿಗೆ ರಜೆಯಲ್ಲಿ ನಾವಿಬ್ಬರೂ ಹೋಗಿದ್ದೆವು. ಮೊದಲ ನಾಲ್ಕು ದಿನ ಎಲ್ಲರೂ ನೋಡುವುದನ್ನು ನೋಡಿದ್ದಾಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ. ಐದನೆಯ ದಿನ ಉಯೆನೋ ಉದ್ಯಾನದಲ್ಲಿರುವ ಟೋಕಿಯೋ ರಾಷ್ಟ್ರೀಯ ವಸ್ತು ಸಂಗ್ರಹಾಲಯಕ್ಕೆ ಹೋದೆವು. ೧೮೭೨ರಲ್ಲಿ ಶುರುವಾದ ಸಂಸ್ಥೆ. ಆ ದಿನಗಳಲ್ಲಿ ಅಲ್ಲಿ ತ್ಸುತಾಯ ಜುಜಾಬುರೊ ಎಂಬ ಪುಸ್ತಕ ಪ್ರಕಾಶಕನ ಕುರಿತ ವಿಶೇಷ ಪ್ರದರ್ಶನ ನಡೆದಿತ್ತು. ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಎನ್‌ಎಚ್‌ಕೆ ೨೦೨೫ರ ಇಡೀ ವರ್ಷ ಅವನ ಬಗ್ಗೆಯೇ ಧಾರಾವಾಹಿ ಬಿತ್ತರಿಸಿತು. ಎರಡು ಶತಮಾನಗಳ ಹಿಂದೆ ಸತ್ತ ಒಬ್ಬ ಪ್ರಕಾಶಕನಿಗೆ ಇಷ್ಟು ಮರ್ಯಾದೆ! ನಮ್ಮ ಪ್ರಕಾಶಕರು ಓದಿ ಸಂತೋಷಪಡಲಿ.

ಒಳಗೆ ಮಬ್ಬು ಬೆಳಕು. ಕಣ್ಣು ಹೊಂದಿಕೊಳ್ಳಲು ಎರಡು ನಿಮಿಷ ಬೇಕು. ಗೋಡೆಯುದ್ದಕ್ಕೂ ಹೆಂಗಸರ ಮುಖಗಳು. ಇವನ್ನು ‘ಬಿಜಿನ್-ಗ’ ಎನ್ನುತ್ತಾರೆ. ಚೆಲುವೆಯರ ಚಿತ್ರ ಎಂದರ್ಥ. ‘ಉಕಿಯೊ-ಎ’, ಅಂದರೆ ತೇಲುವ ಲೋಕದ ಚಿತ್ರ ಎಂಬ ದೊಡ್ಡ ಮನೆತನದ ಒಂದು ಕವಲು ಇದು. ಇಂದಿನ ಟೋಕಿಯೋವನ್ನು ೧೮೬೮ರವರೆಗೆ ಎದೋ ಎಂದು ಕರೆಯುತ್ತಿದ್ದರು. ಹತ್ತು ಲಕ್ಷ ಜನರ ಆ ಊರಿನಲ್ಲಿ ನಾಟಕ, ಚಹದಂಗಡಿ, ಕುಸ್ತಿ, ಗಣಿಕೆಯರ ಕೇರಿ, ಎಲ್ಲವೂ ಚಿತ್ರಗಾರರಿಗೆ ವಸ್ತು. ಮರದ ಹಲಗೆಯಲ್ಲಿ ಕೊರೆದು ಕಾಗದಕ್ಕೆ ಒತ್ತಿ ಮಾಡಿದ ಈ ಚಿತ್ರಗಳು ಅರಮನೆಗೆಂದು ಹುಟ್ಟಿದವಲ್ಲ. ಒಂದು ಹಾಳೆಗೆ ಹೆಚ್ಚುಕಡಿಮೆ ಒಂದು ಬಟ್ಟಲು ಸೇವಿಗೆಯ ಬೆಲೆ. ನಮ್ಮ ಕಡೆ ಸಂತೆಯಲ್ಲಿ ದೇವರ ಪಟ ಕೊಂಡಂತೆ ಕೊಂಡು ಕೋಣೆಗೆ ಅಂಟಿಸುತ್ತಿದ್ದರು.

ಆ ಸಾಲಿನಲ್ಲಿ ದುಂಡು ಮುಖದ ಒಬ್ಬಾಕೆಯ ಎದುರು ಮಗಳು ನಿಂತಳು. “ಅಪ್ಪಾ, ನಿಮ್ಮ ಲ್ಯಾಬಿನಾಗಿನ ಕ್ಯಾಲೆಂಡರ್ ನೆನಪೈತೇನು?” ಸಣ್ಣವಳಿದ್ದಾಗ ನನ್ನ ಜೊತೆ ಶಾಲೆಗೆ ಬಂದು ಅದನ್ನು ನೋಡಿದ್ದಳು. ಎದುರಿಗಿದ್ದದ್ದು ಆ ಚಿತ್ರವಲ್ಲ, ಆದರೆ ಅದೇ ಕೈ, ಅದೇ ಕತ್ತು. ಮಗಳು ಮೊಬೈಲಿನಲ್ಲಿ ಹುಡುಕಿ ನನ್ನ ಕನ್ನಡಿಯವಳನ್ನು ತೆಗೆದು ತೋರಿಸಿದಳು. ಚಿತ್ರಗಾರ ಕಿತಗಾವ ಉತಮಾರೊ. ಲಾಂಛನದ ಗುರುತಿನಿಂದ ಆಕೆ ನಾನಿವಾಯ ಒಕಿತ ಎನ್ನುತ್ತಾರೆ. ರಾಣಿಯಲ್ಲ. ಅಸಕುಸ ದೇವಾಲಯದ ಬಳಿ ಚಹದಂಗಡಿಯಲ್ಲಿ ಗಿರಾಕಿಗಳಿಗೆ ಚಹ ಕೊಡುತ್ತಿದ್ದ ಹುಡುಗಿ. ವಯಸ್ಸು ಹದಿನಾರರ ಆಸುಪಾಸು. ನನಗೆ ಪ್ರಶ್ನೆ ಕೇಳಿದವಳಿಗಿಂತ ಒಂದೆರಡು ವರ್ಷ ದೊಡ್ಡವಳು, ಅಷ್ಟೆ.

ಉತಮಾರೊ ಮಾಡಿದ ಹೊಸತೇನು? ಅವನಿಗಿಂತ ಮುಂಚಿನವರು ಹೆಂಗಸರನ್ನು ನಖಶಿಖಾಂತ ಬರೆಯುತ್ತಿದ್ದರು. ೧೬೯೪ರಲ್ಲಿ ತೀರಿಕೊಂಡ ಹಿಶಿಕಾವ ಮೊರೊನೊಬುವಿನ ‘ಹಿಂತಿರುಗಿ ನೋಡುವ ಚೆಲುವೆ’ಯಲ್ಲಿ ಕೆಂಪು ಉಡುಪೇ ಮುಖ್ಯ. ಅದು ರೇಷ್ಮೆಯ ಮೇಲೆ ಕೈಯಿಂದ ಬರೆದ ಚಿತ್ರ, ಅಚ್ಚಲ್ಲ. ೧೯೪೮ರಲ್ಲಿ ಅಂಚೆಚೀಟಿಯಾಗಿ ಜಗತ್ತೆಲ್ಲ ತಿರುಗಿತು. ತೊರಿಇ ಕಿಯೊನಾಗನ ಹೆಂಗಸರು ಅಡಿಕೆ ಮರದಂತೆ ನೀಳ. ಉತಮಾರೊ ಮಾತ್ರ ಹತ್ತಿರ ಹೋಗಿ ಕುಳಿತ. ಎದೆಯಿಂದ ಮೇಲಷ್ಟೇ ಬರೆದ. ಹಿನ್ನೆಲೆಗೆ ಅಭ್ರಕದ ಪುಡಿ ಬಳಿಸಿ, ಬೇರೆ ಎಲ್ಲವನ್ನೂ ಅಳಿಸಿ, ಮುಖವನ್ನೇ ನೋಡಿರೆಂದ. ೧೭೯೩ರ ಸುಮಾರಿಗೆ ಬಂದ ‘ಇಂದಿನ ಮೂವರು ಚೆಲುವೆಯರು’ ಚಿತ್ರದಲ್ಲಿ ಒಕಿತ ಇದ್ದಾಳೆ, ಅಕ್ಕಿಯ ಗರಿಗರಿ ತಿಂಡಿ ಮಾಡುವವನ ಮಗಳು ತಕಾಶಿಮ ಒಹಿಸ ಇದ್ದಾಳೆ, ಸಂಗೀತಗಾರ್ತಿ ತೊಯೊಹಿನ ಇದ್ದಾಳೆ. ಮೊದಲ ನೋಟಕ್ಕೆ ಮೂವರೂ ಒಂದೇ ಅಚ್ಚಿನ ಗೊಂಬೆಗಳು. ಐದು ನಿಮಿಷ ನಿಂತು ನೋಡಿ: ಒಬ್ಬಳ ಮೂಗು ತುಸು ಬಾಗಿದೆ, ಇನ್ನೊಬ್ಬಳ ರೆಪ್ಪೆ ತುಸು ಮೇಲೆದ್ದಿದೆ, ಮತ್ತೊಬ್ಬಳ ಕೆನ್ನೆ ತುಂಬಿದೆ. ಸೂಕ್ಷ್ಮದರ್ಶಕದಲ್ಲಿ ಈರುಳ್ಳಿ ಸಿಪ್ಪೆ ನೋಡಲು ಕಲಿಸುವಾಗ ನಾನು ಮಕ್ಕಳಿಗೆ ಹೇಳುವುದೂ ಇಷ್ಟನ್ನೇ.

ಈ ಹುಡುಗಿಯರ ಹೆಸರು ಊರೂರಿಗೆ ಹಬ್ಬಿತು. ಸರ್ಕಾರಕ್ಕೆ ಅದು ಹಿಡಿಸಲಿಲ್ಲ. ಆಡಂಬರ ಅಡಗಿಸುವ ಕಾಲ ಅದು. ೧೭೯೧ರಲ್ಲೇ ತ್ಸುತಾಯನ ಅರ್ಧ ಆಸ್ತಿಯನ್ನು ದಂಡವಾಗಿ ಕಿತ್ತುಕೊಂಡಿದ್ದರು. ೧೭೯೩ರಲ್ಲಿ, ಗಣಿಕೆಯರ ಹೊರತು ಬೇರೆ ಹೆಂಗಸರ ಹೆಸರನ್ನು ಅಚ್ಚಿನಲ್ಲಿ ಹಾಕಕೂಡದೆಂದು ಆಜ್ಞೆಯಾಯಿತು. ಉತಮಾರೊ ಏನು ಮಾಡಿದ ಗೊತ್ತೇ? ಹೆಸರಿನ ಬದಲು ಚಿತ್ರದ ಮೂಲೆಯಲ್ಲಿ ಒಗಟು ಹಾಕಿದ. ಸೊಪ್ಪಿನ ಎರಡು ಕಟ್ಟು, ಒಂದು ಬಾಣ, ನಡುಗಡಲು, ಭತ್ತದ ಗದ್ದೆ. ಸೊಪ್ಪಿಗೆ ‘ನಾ’, ಎರಡಕ್ಕೆ ‘ನಿ’, ಕಟ್ಟಿಗೆ ‘ವಾ’, ಬಾಣಕ್ಕೆ ‘ಯ’, ನಡುಗಡಲಿಗೆ ‘ಒಕಿ’, ಗದ್ದೆಗೆ ‘ತ’. ಕೂಡಿಸಿ ಓದಿದರೆ ನಾನಿವಾಯ ಒಕಿತ! ೧೭೯೬ರಲ್ಲಿ ಒಗಟುಗಳನ್ನೂ ನಿಷೇಧಿಸಿದರು. ೧೮೦೦ರಲ್ಲಿ ದೊಡ್ಡ ಮುಖದ ಚಿತ್ರವನ್ನೇ ನಿಷೇಧಿಸಿದರು. ಕೊನೆಗೆ ೧೮೦೪ರಲ್ಲಿ, ಹಿದೆಯೋಶಿ ಎಂಬ ಹಳೆಯ ದಂಡನಾಯಕನನ್ನು ಅಚ್ಚಿನಲ್ಲಿ ಬರೆದ ತಪ್ಪಿಗೆ ಉತಮಾರೊನ ಕೈಗೆ ೫೦ ದಿನ ಕೋಳ ಬಿತ್ತು. ಬರೆಯುವ ಕೈಗೇ ಕೋಳ. ಎರಡು ವರ್ಷದಲ್ಲಿ ಅವನು ತೀರಿಕೊಂಡ.

ಮರುದಿನ ಒಂದು ಪುಟ್ಟ ಕಾರ್ಯಾಗಾರದಲ್ಲಿ ಅಚ್ಚು ಹಾಕುವುದನ್ನು ನೋಡಲು ಮಗಳು ವ್ಯವಸ್ಥೆ ಮಾಡಿದ್ದಳು. ಇಡೀ ಪ್ರವಾಸದಲ್ಲಿ ನಾನು ಅತ್ಯಂತ ಸುಖಪಟ್ಟ ಎರಡು ಗಂಟೆಗಳು ಅವು. ಚಿತ್ರಗಾರನ ಹೆಸರಷ್ಟೇ ನಮಗೆ ಉಳಿದಿದೆ; ನಿಜದಲ್ಲಿ ಒಂದು ಹಾಳೆಗೆ ನಾಲ್ವರ ದುಡಿಮೆ ಬೇಕು. ಬಂಡವಾಳ ಹಾಕುವ ಪ್ರಕಾಶಕ, ಬರೆಯುವವ, ಕೊರೆಯುವವ, ಒತ್ತುವವ. ತೆಳು ಕಾಗದದ ಮೇಲಿನ ರೇಖಾಚಿತ್ರವನ್ನು ಬೋರಲಾಗಿ ಕಾಡು ಚೆರಿ ಮರದ ಹಲಗೆಗೆ ಅಂಟಿಸಿ, ಗೆರೆಗಳನ್ನು ಉಳಿಸಿ ಮಿಕ್ಕ ಮರವನ್ನು ಕೆತ್ತಿ ತೆಗೆಯುತ್ತಾರೆ. ಚಿತ್ರಗಾರ ಬರೆದ ಮೂಲ ಕಾಗದ ಅಲ್ಲಿಗೆ ನಾಶ. ಬಣ್ಣಕ್ಕೊಂದು ಅಚ್ಚು ಬೇಕು, ಆದ್ದರಿಂದ ಒಂದೇ ಚಿತ್ರಕ್ಕೆ ಹತ್ತು ಹದಿನೈದು ಸಲ ಒತ್ತಬೇಕಾಗುತ್ತದೆ. ಅಷ್ಟು ಸಲ ಕಾಗದ ಇಟ್ಟು ತೆಗೆದರೂ ತುಟಿಯ ಕೆಂಪು ತುಟಿಯಲ್ಲೇ ಕೂರುವುದು ಹೇಗೆ? ಗುಟ್ಟು ಹಲಗೆಯ ಅಂಚಿನಲ್ಲಿದೆ. ಒಂದು ಮೂಲೆಯಲ್ಲಿ ಮೂಲೆಮಟ್ಟದಂತಹ ಸಣ್ಣ ಕಚ್ಚು, ಅದೇ ಅಂಚಿನಲ್ಲಿ ಇನ್ನೊಂದು ನೇರ ಕಚ್ಚು. ಕಾಗದದ ಮೂಲೆಯನ್ನು ಒಂದಕ್ಕೆ, ಅಂಚನ್ನು ಇನ್ನೊಂದಕ್ಕೆ ತಾಗಿಸಿದರೆ ಸಾಕು. ಇದಕ್ಕೆ ‘ಕೆಂತೊ’ ಎನ್ನುತ್ತಾರೆ. ರೇಖಾಗಣಿತ ಬಲ್ಲವರಿಗೆ ಸುಲಭ: ಎರಡು ಕಡೆ ಕಟ್ಟಿಹಾಕಿದ ಹಾಳೆ ಜಾರದು, ತಿರುಗದು.

ಒತ್ತುವವರು ಅರವತ್ತು ದಾಟಿದ ಸಣ್ಣ ಮೈಕಟ್ಟಿನವರು. ಬಿದಿರಿನ ಹೊದಿಕೆ ಎಲೆ ಸುತ್ತಿದ ದುಂಡನೆಯ ಬಿಲ್ಲೆಯಿಂದ ಕಾಗದದ ಬೆನ್ನನ್ನು ಉಜ್ಜುತ್ತಾರೆ. ಅದರ ಹೆಸರು ‘ಬರೆನ್’. ಯಂತ್ರವಿಲ್ಲ, ಮೈಭಾರವೇ ಒತ್ತಡ. ಹಲಗೆಯ ಮೇಲೆ ಬಣ್ಣದ ಜೊತೆ ಒಂದು ಚೂರು ಅನ್ನದ ಗಂಜಿ ಬೆರೆಸುತ್ತಾರೆ, ಬಣ್ಣ ಸಮನಾಗಿ ಹರಡಲು. ಹಣೆಯ ಮೇಲಿನ ಕೂದಲನ್ನು ಹತ್ತಿರದಿಂದ ನೋಡಿದೆ. ಒಂದು ಮಿಲಿಮೀಟರಿನಲ್ಲಿ ಎರಡು ಮೂರು ಗೆರೆ. ಅದನ್ನು ಕೊರೆಯಲು ಅತ್ಯಂತ ನುರಿತ ಕೈಯೇ ಬೇಕು. ಆ ಕೂದಲನ್ನು ಕೊರೆದವರಲ್ಲಿ ಹೆಚ್ಚಿನವರ ಹೆಸರನ್ನು ಅಚ್ಚಿನ ಮೇಲೆ ಯಾರೂ ಹಾಕಲಿಲ್ಲ.

ಈ ಬಹುವರ್ಣದ ಅಚ್ಚು ಹುಟ್ಟಿದ್ದು ೧೭೬೫ರಲ್ಲಿ, ಅದೂ ಕ್ಯಾಲೆಂಡರಿನಿಂದ! ಚಾಂದ್ರಮಾಸ ಇಪ್ಪತ್ತೊಂಬತ್ತೂವರೆ ದಿನ; ಹಾಗಾಗಿ ಕೆಲವು ತಿಂಗಳು ೩೦, ಕೆಲವು ೨೯. ಯಾವುದು ದೊಡ್ಡದು, ಯಾವುದು ಚಿಕ್ಕದು ಎಂಬುದು ವರ್ಷದಿಂದ ವರ್ಷಕ್ಕೆ ಬದಲು. ಎದೋದ ಹಣವಂತ ಕಾವ್ಯಾಸಕ್ತರು ಆ ಅಂಕಿಗಳನ್ನು ಹೆಂಗಸಿನ ಉಡುಪಿನ ವಿನ್ಯಾಸದೊಳಗೆ ಅಡಗಿಸಿ ಪರಸ್ಪರ ಹಂಚಿಕೊಳ್ಳುತ್ತಿದ್ದರು. ಸುಜುಕಿ ಹರುನೊಬು ಎಂಬಾತ ಅದಕ್ಕೆ ಚಿತ್ರ ಬರೆದ. ಖರ್ಚಿಗೆ ಹಿಂದೆಮುಂದೆ ನೋಡದೆ ಬಣ್ಣದ ಮೇಲೆ ಬಣ್ಣ ಒತ್ತಿಸಿದರು. ಆಮೇಲೆ ಪ್ರಕಾಶಕರು ಅಂಕಿಗಳನ್ನು ತೆಗೆದು ಅದೇ ಚಿತ್ರಗಳನ್ನು ಮಾರಾಟಕ್ಕಿಟ್ಟರು. ನನ್ನ ಗೋಡೆಯ ಕ್ಯಾಲೆಂಡರ್ ಹಾಳೆಗೆ ಎಂಥ ವಂಶಾವಳಿ ನೋಡಿ!

ಕಾರ್ಯಾಗಾರದ ಕಪಾಟಿನಲ್ಲಿ ಗಾಜಿನ ಬಾಟಲಿಗಳಿದ್ದವು. ಒಂದರಲ್ಲಿ ಒಣಗಿದ ಕೇಸರಿ ಬಣ್ಣದ ಎಸಳುಗಳು. ನನ್ನ ಹೆಂಡತಿ ಬಗ್ಗಿ ನೋಡಿ, “ಇದು ನಮ್ಮ ಕುಸುಬಿ ಹೂವಲ್ಲೇನ್ರೀ?” ಎಂದಳು. ಹೌದು, ಅದೇ! ಗದಗ-ಧಾರವಾಡದ ಎರೆಹೊಲದಲ್ಲಿ ಜೋಳದ ಸುತ್ತ ದನ ನುಗ್ಗದಂತೆ ಬಿತ್ತುವ ಮುಳ್ಳಿನ ಕುಸುಬೆ. ಅಣ್ಣಿಗೇರಿಯ ಹೆಸರಿನ ತಳಿಯೇ ಇದೆ. ನಾವು ಬೀಜದಿಂದ ಎಣ್ಣೆ ತೆಗೆದು ಹೂವನ್ನು ಮಣ್ಣಿಗೆ ಬಿಡುತ್ತೇವೆ. ಜಪಾನಿನ ಯಾಮಗಾತ ಪ್ರಾಂತ್ಯದಲ್ಲಿ ಹೂವಿಗಾಗಿಯೇ ಬೆಳೆದರು. ಅದರಿಂದ ಬರುವ ‘ಬೆನಿ’ ಎಂಬ ಕೆಂಪನ್ನು ಚೆಲುವೆಯರು ತುಟಿಗೆ ಹಚ್ಚಿಕೊಂಡರು, ಚಿತ್ರಗಾರರು ಅಚ್ಚಿನಲ್ಲಿ ಅದೇ ತುಟಿಗೆ ಹಚ್ಚಿದರು.

ಅದರ ರಸಾಯನ ಸೊಗಸಾದದ್ದು. ಎಸಳಿನಲ್ಲಿ ಹಳದಿ ಬಹಳ, ಕೆಂಪು ನೂರಕ್ಕೆ ಒಂದು ಭಾಗವೂ ಇಲ್ಲ. ಹಳದಿ ನೀರಿನಲ್ಲಿ ಕರಗುತ್ತದೆ; ತೊಳೆದು ತೊಳೆದು ಅದನ್ನು ಹೊರಹಾಕಬೇಕು. ಕೆಂಪಿಗೆ ಕಾರ್ಥಮಿನ್ ಎಂದು ಹೆಸರು. ಅದು ಬರಿ ನೀರಿಗೆ ಜಗ್ಗದು, ಕ್ಷಾರಕ್ಕೆ ಮಾತ್ರ ಕರಗುತ್ತದೆ. ಬೂದಿನೀರಿನಲ್ಲಿ ನೆನೆಸಿ, ಆ ನೀರಿಗೆ ಹುಳಿ ಬಿಟ್ಟರೆ ಕೆಂಪು ಕೆಳಗಿಳಿಯುತ್ತದೆ. ಆಮ್ಲ-ಪ್ರತ್ಯಾಮ್ಲದ ಪಾಠವೆಲ್ಲ ಒಂದು ತುಟಿಯಲ್ಲಿ!

ಆದರೆ ಬೆಳಕು ಈ ಕೆಂಪಿನ ಶತ್ರು. ಎದೋದವರು ಬಳಸುತ್ತಿದ್ದ ಒಂದು ಕಾಡುಹೂವಿನ ನೀಲಿ ಇನ್ನೂ ನಾಜೂಕು, ನೀರು ತಾಗಿದರೂ ಹೋಗುತ್ತದೆ. ಇವೆರಡನ್ನೂ ಸೇರಿಸಿ ಮಾಡಿದ ನೇರಳೆ ಬಣ್ಣದ ಉಡುಪುಗಳು ಇಂದು ಎಷ್ಟೋ ಹಾಳೆಗಳಲ್ಲಿ ಕಂದು ಬಣ್ಣಕ್ಕೆ ತಿರುಗಿವೆ. ಪ್ರದರ್ಶನದಲ್ಲಿ ಮಬ್ಬು ಬೆಳಕು ಏಕೆಂದು ಆಗ ಅರ್ಥವಾಯಿತು; ಇಂತಹ ಕಾಗದಕ್ಕೆ ವಸ್ತು ಸಂಗ್ರಹಾಲಯಗಳು ಇಟ್ಟುಕೊಂಡ ಮಿತಿ ೫೦ ಲಕ್ಸ್. ಅಮೆರಿಕದ ಬೋಸ್ಟನ್ ಲಲಿತಕಲಾ ಸಂಗ್ರಹಾಲಯಕ್ಕೆ ೧೯೨೧ರಲ್ಲಿ ಸ್ಪಾಲ್ಡಿಂಗ್ ಸೋದರರು ಸುಮಾರು ೬,೫೦೦ ಅಚ್ಚುಗಳನ್ನು ದಾನ ಕೊಟ್ಟಾಗ ಒಂದೇ ಷರತ್ತು ಹಾಕಿದರು: ಎಂದೂ ಪ್ರದರ್ಶನಕ್ಕೆ ಇಡಕೂಡದು. ಹಾಗಾಗಿಯೇ ಅವುಗಳ ನೇರಳೆ ಇನ್ನೂ ನೇರಳೆಯಾಗಿದೆ. ನೋಡಲೆಂದು ಮಾಡಿದ್ದು ಉಳಿಯಬೇಕಾದರೆ ನೋಡಬಾರದು!

ಇಷ್ಟು ಹೇಳಿ ನಿಲ್ಲಿಸಿದ್ದರೆ ಲೇಖನ ಸುಖವಾಗಿ ಮುಗಿಯುತ್ತಿತ್ತು. ಆದರೆ ಮಗಳು ಹರಾಜುಕು ಬಡಾವಣೆಯ ಓಟ ಸ್ಮಾರಕ ಸಂಗ್ರಹಾಲಯದ ಅಂಗಡಿಯಲ್ಲಿ ಒಂದು ಪೋಸ್ಟ್‌ಕಾರ್ಡ್ ಕೊಂಡಳು. ಹೊಕುಸಾಯಿಯ ಮಗಳು ಒಯಿ ಬರೆದ ಚಿತ್ರದ ಪ್ರತಿ ಅದು. ಹೊಕುಸಾಯಿ ಎಂದರೆ ೨೦೨೪ರಲ್ಲಿ ಬಂದ ಸಾವಿರ ಯೆನ್ ನೋಟಿನ ಬೆನ್ನಿಗಿರುವ ದೊಡ್ಡ ಅಲೆಯ ಚಿತ್ರಗಾರ. ಅದೇ ನೋಟಿನ ಮುಂಭಾಗದಲ್ಲಿ ಧನುರ್ವಾಯು ರೋಗಾಣುವನ್ನು ಬೇರ್ಪಡಿಸಿದ ವಿಜ್ಞಾನಿ ಕಿತಸಾತೊ ಇದ್ದಾರೆ ಎಂಬುದು ನನಗೆ ಹೆಮ್ಮೆ. ಇರಲಿ. ಒಯಿಯದು ಅಚ್ಚಲ್ಲ, ಬಣ್ಣದ ಕೈಚಿತ್ರ. ರಾತ್ರಿ. ಒಳಗೆ ದೀಪಗಳ ಝಗಝಗ. ಮರದ ಸರಳುಗಳ ಹಿಂದೆ ಸಾಲಾಗಿ ಕುಳಿತ ಹೆಂಗಸರು. ಹೊರಗೆ ಕತ್ತಲಲ್ಲಿ ನಿಂತು ಅವರನ್ನು ನೋಡುವ ಜನ. ತನ್ನ ಹೆಸರಿನ ಅಕ್ಷರಗಳನ್ನು ಮೂರು ಲಾಂದ್ರಗಳ ಮೇಲೆ ಅಡಗಿಸಿದ್ದಾಳೆ. ಗಂಡಸರು ಬರೆದ ಚಿತ್ರಗಳಲ್ಲಿ ಈ ಹೆಂಗಸರ ಮುಖ ಹುಣ್ಣಿಮೆ. ಒಯಿಯ ಚಿತ್ರದಲ್ಲಿ ಮುಖಗಳು ಸರಳುಗಳ ಮರೆಗೆ ಸಿಕ್ಕಿ ಸ್ಪಷ್ಟವಾಗಿ ಕಾಣುವುದೇ ಇಲ್ಲ.

“ಯಾಕವ್ವಾ, ಸರಳಿನ ಹಿಂದ ಯಾಕ ಕುಂತಾರ?” ಎಂದು ನಾನೇ ಕೇಳಿದೆ. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾಳೆ ಕರ್ಕೊಂಡ್ ಹೋಗ್ತೀನ್ರಿ ಅಪ್ಪಾ” ಎಂದಳು.

ಹಿಬಿಯ ಮಾರ್ಗದ ರೈಲಿನಲ್ಲಿ ಮಿನೊವ ನಿಲ್ದಾಣ. ಇಳಿದು ಸ್ವಲ್ಪ ನಡೆದರೆ ಜೋಕಾನ್-ಜಿ ಎಂಬ ಪುಟ್ಟ ಬೌದ್ಧ ದೇವಾಲಯ. ಅಲ್ಲಿಂದ ಹತ್ತು ಹದಿನೈದು ನಿಮಿಷದ ದಾರಿಯಲ್ಲಿ ಯೋಶಿವಾರ ಇತ್ತು. ೧೬೫೭ರ ಮಹಾ ಬೆಂಕಿಯ ನಂತರ ಎದೋದ ಗಣಿಕೆಯರ ಕೇರಿಯನ್ನು ಈ ಜಾಗಕ್ಕೆ ತಂದರು. ಸುತ್ತ ಕಂದಕ, ಒಳಗೆ ಹೋಗಲು ಒಂದೇ ಹೆಬ್ಬಾಗಿಲು. ಬಡವರ ಮನೆಯ ಹೆಣ್ಣುಮಕ್ಕಳನ್ನು ಏಳೆಂಟು ವರ್ಷಕ್ಕೇ ಅಲ್ಲಿಗೆ ತರುತ್ತಿದ್ದರು. ಅಪ್ಪನ ಕೈಗೆ ಮುಂಗಡ ಹಣ ಬೀಳುತ್ತಿತ್ತು. ಮಗಳು ಅದನ್ನು ದುಡಿದು ತೀರಿಸಬೇಕು. ಉಡುಪು, ಹಾಸಿಗೆ, ಬಾಚಣಿಗೆ ಎಲ್ಲವೂ ಸಾಲದ ಲೆಕ್ಕಕ್ಕೆ. ನಾವು ಗೋಡೆಯ ಮೇಲೆ ಮೆಚ್ಚಿ ನೋಡಿದ ಆ ಉಡುಪುಗಳು ಹಾಗೆ ಬಂದವು. ಪ್ರಕಾಶಕ ತ್ಸುತಾಯ ಹುಟ್ಟಿದ್ದೂ ಈ ಕೇರಿಯಲ್ಲೇ. ಇಲ್ಲಿನ ಮನೆಗಳ ಕೈಪಿಡಿ ಮಾರುತ್ತಲೇ ಅವನ ವ್ಯಾಪಾರ ಬೆಳೆಯಿತು. ಚಿತ್ರದ ಹೆಂಗಸರಲ್ಲಿ ಒಕಿತಳಂತಹ ಚಹದಂಗಡಿಯವರು ಕೆಲವರು. ಹೆಚ್ಚಿನವರು ಈ ಕಂದಕದೊಳಗಿನವರು. ೨೦೨೪ರಲ್ಲಿ ಟೋಕಿಯೋ ಕಲಾ ವಿಶ್ವವಿದ್ಯಾಲಯ ಯೋಶಿವಾರದ ಕುರಿತು ದೊಡ್ಡ ಪ್ರದರ್ಶನ ಮಾಡಿದಾಗ, ಬಣ್ಣದ ಮುಂದೆ ನೋವು ಮರೆತಿರಾ ಎಂದು ಅಲ್ಲಿಯವರೇ ಕೇಳಿದರಂತೆ. ಕೇಳಬೇಕಾದ ಮಾತೇ.

ದೇವಾಲಯದ ಹಿಂಭಾಗದಲ್ಲಿ ಒಂದು ಕಲ್ಲಿನ ಸ್ಮಾರಕ. ಜನ ಇದನ್ನು ‘ಎಸೆದು ಹೋಗುವ ದೇವಾಲಯ’ ಎಂದು ಕರೆದರು. ಬಂಧುಗಳಿಲ್ಲದೆ ಸತ್ತವರನ್ನು ಚಾಪೆಯಲ್ಲಿ ಸುತ್ತಿ ಇಲ್ಲಿ ಬಿಟ್ಟುಹೋಗುತ್ತಿದ್ದರಂತೆ. ೧೮೫೫ರ ಭೂಕಂಪದಲ್ಲಿ ನೂರಾರು ಹೆಂಗಸರು ಒಟ್ಟಿಗೇ ಬಂದರು. ಸುಮಾರು ೨೫,೦೦೦ ಮಂದಿ ಇಲ್ಲಿದ್ದಾರೆ ಎನ್ನುತ್ತಾರೆ. ಬಹಳ ಜನ ಇಪ್ಪತ್ತರ ಆಚೀಚೆಯವರು. ಸ್ಮಾರಕದ ಬುಡದಲ್ಲಿ ಜಾಲರಿಯ ಕಿಂಡಿ. ಅದರ ಮುಂದೆ ಯಾರೋ ಒಂದು ಕೆಂಪು ಬಾಚಣಿಗೆ, ಒಂದು ಲಿಪ್‌ಸ್ಟಿಕ್ ಇಟ್ಟಿದ್ದರು. ಹೆಂಡತಿ ತನ್ನ ಚೀಲದಿಂದ ಕುಂಕುಮದ ಡಬ್ಬಿ ತೆಗೆದು ಅಲ್ಲೇ ಒಂದು ಚಿಟಿಕೆ ಇಟ್ಟು ಕೈಮುಗಿದಳು. ನಾನು ಏನೂ ಹೇಳಲಿಲ್ಲ.

ನಡೆದು ಹೆಬ್ಬಾಗಿಲಿದ್ದ ಜಾಗದ ಬಳಿ ಬಂದೆವು. ಈಗ ಅಲ್ಲೊಂದು ಪೆಟ್ರೋಲ್ ಬಂಕ್. ಪಕ್ಕದಲ್ಲಿ ಬಳುಕುವ ಒಂದು ವಿಲ್ಲೋ ಮರ, ‘ತಿರುಗಿ ನೋಡುವ ವಿಲ್ಲೋ’. ಬೆಳಿಗ್ಗೆ ಮನೆಗೆ ಹೊರಟ ಗಂಡಸರು ಇಲ್ಲಿ ನಿಂತು ಹಿಂದಕ್ಕೆ ನೋಡುತ್ತಿದ್ದರೆಂದು ಆ ಹೆಸರು. ಹಳೆಯ ಮರ ಹೋಗಿ ಎಷ್ಟನೆಯದೋ ತಲೆಮಾರಿನದು ನಿಂತಿದೆ. ಒಳಗಿದ್ದವರು ಎತ್ತ ನೋಡುತ್ತಿದ್ದರು ಎಂಬುದಕ್ಕೆ ಹೆಸರಿಟ್ಟ ಮರ ಇಲ್ಲ. ೧೯೫೬ರಲ್ಲಿ ವೇಶ್ಯಾವೃತ್ತಿ ತಡೆ ಕಾನೂನು ಬಂದು, ೧೯೫೮ರಲ್ಲಿ ಪೂರ್ತಿ ಜಾರಿಯಾದಾಗ ಆ ಕೇರಿ ಮುಚ್ಚಿತು.

ಚೆಲುವೆಯರ ಚಿತ್ರ ಮಾತ್ರ ಮುಂದುವರಿಯಿತು. ೧೯೧೦ರ ದಶಕದಲ್ಲಿ ವತಾನಬೆ ಶೋಜಾಬುರೊ ಎಂಬ ಪ್ರಕಾಶಕ ಹಳೆಯ ಕೈಕೆಲಸಕ್ಕೆ ಮತ್ತೆ ಜೀವ ಕೊಟ್ಟ. ಹಾಶಿಗುಚಿ ಗೊಯೊ, ಇತೊ ಶಿನ್‌ಸುಯಿ ಬರೆದರು. ೧೯೨೩ರ ಭೂಕಂಪದ ಬೆಂಕಿಯಲ್ಲಿ ವತಾನಬೆಯ ಹಲಗೆಗಳು ಸುಟ್ಟುಹೋದವು, ಅವನು ಮತ್ತೆ ಶುರುಮಾಡಿದ. ಗೊಯೊ ೧೯೨೦ರಲ್ಲಿ ಮಾಡಿದ, ತಲೆ ಬಾಚಿಕೊಳ್ಳುವ ಹೆಂಗಸಿನ ಅಚ್ಚೊಂದಿದೆ. ಅಭ್ರಕದ ಹೊಳಪಿನ ಮುಂದೆ ಕರಿಕೂದಲು ಹರಿಯುವುದನ್ನು ನೋಡಿದರೆ ಉತಮಾರೊ ಎದ್ದು ಬಂದಂತಿದೆ.

ಊರಿಗೆ ಬಂದ ಮೇಲೆ ಹಳೆಯ ಪೆಟ್ಟಿಗೆ ತೆಗೆದೆ. ಆ ಶಾಲೆ ಬಿಡುವಾಗ ಹಾಳೆಯನ್ನು ಸುತ್ತಿ ತಂದಿದ್ದೆ. ಬೆನ್ನಿಗೆ ಗೋಡೆಯ ತೇವದ ಕಲೆ ಹಾಗೇ ಇದೆ. ಈಗಿನ ಶಾಲೆಯ ಒಂಬತ್ತನೆಯ ತರಗತಿಗೆ ಅದನ್ನು ಒಯ್ದು, ಮೊದಲು ಕನ್ನಡಿಯ ಪ್ರಶ್ನೆ ಕೇಳಿದೆ, ಆಮೇಲೆ ಅವಳ ಹೆಸರು ಹೇಳಿದೆ. ಕರಿಹಲಗೆಯ ಮೇಲೆ ಸೊಪ್ಪಿನ ಕಟ್ಟು, ಬಾಣ, ಕಡಲು, ಗದ್ದೆ ಬರೆದಾಗ ಮಕ್ಕಳು ತಮ್ಮ ತಮ್ಮ ಹೆಸರಿಗೆ ಒಗಟು ಕಟ್ಟಲು ಶುರುಮಾಡಿದರು. ಯೋಶಿವಾರದ ಸಂಗತಿಯನ್ನೂ ಹೇಳಿದೆ, ಹೇಳಬಹುದಾದಷ್ಟು: ಸಾಲಕ್ಕೆ ಮಾರಿದ ಮಕ್ಕಳು ಎಂದು. ಯಾರೂ ನಗಲಿಲ್ಲ. ಒಬ್ಬ ಹುಡುಗ, “ಅವರಿಗೆ ಸಾಲಿ ಇರ್ಲಿಲ್ಲೇನ್ರೀ ಸರ್?” ಎಂದ.

ಮುಂದಿನ ಫೆಬ್ರವರಿಯಲ್ಲಿ ಕುಸುಬೆ ಹೂವಾಡಿತು. ಮಕ್ಕಳು ಕೈಗೆ ಮುಳ್ಳು ಚುಚ್ಚಿಸಿಕೊಂಡು ಒಂದು ಬುಟ್ಟಿ ಎಸಳು ತಂದರು. ನಾಲ್ಕು ಸಲ ತೊಳೆದು ಹಳದಿ ಬಿಡಿಸಿದೆವು. ವಾಷಿಂಗ್ ಸೋಡಾ ನೀರಿನಲ್ಲಿ ನೆನೆಸಿ, ಸೋಸಿ, ಕಾಗದದ ಪಟ್ಟಿಗಳನ್ನು ಅದರಲ್ಲಿ ಇಳಿಬಿಟ್ಟು ನಿಂಬೆಹುಳಿ ಹಿಂಡಿದೆವು. ಮಾಸಲು ಕಂದು ನೀರು ನೋಡನೋಡುತ್ತಲೇ ತಿಳಿಗೆಂಪಾಯಿತು. ಪಟ್ಟಿಗಳಲ್ಲಿ ಅರ್ಧವನ್ನು ಕಿಟಕಿಯ ಗಾಜಿಗೆ ಅಂಟಿಸಿ, ಉಳಿದರ್ಧವನ್ನು ಹಾಜರಿ ಪುಸ್ತಕದೊಳಗೆ ಇಟ್ಟೆ. ಪರೀಕ್ಷೆ ಮುಗಿಯುವ ಹೊತ್ತಿಗೆ ಕಿಟಕಿಯವು ಬಿಳಿಚಿಕೊಂಡಿದ್ದವು. ಹಾಜರಿ ಪುಸ್ತಕದಲ್ಲಿ, ಹೆಣ್ಣುಮಕ್ಕಳ ಹೆಸರಿನ ಪುಟದ ನಡುವೆ, ಕೆಂಪು ಇನ್ನೂ ಇದೆ.